ತಂಗಿ ಬಾಣಂತನಕ್ಕೆ ಬರ್ತಾಳೆ, ಮನೆಯ ಪ್ಲಾಸ್ಟಿಕ್ ಎಲ್ಲ ಬಿಸಾಡ್ಬೇಕಾ?

ಪೆರ್ಲದಕ್ಕ:

ನಮಸ್ಕಾರ ಎಲ್ರಿಗೂ, ಸ್ವಲ್ಪ ಉದ್ದ ಆಗ್ತದೆ, ಬೇಸರ ಮಾಡ್ಬೇಡಿ. ನನ್ನ ತಂಗಿ ಬೆಂಗ್ಳೂರಲ್ಲಿ ಇರುದು, ಈಗ 7 ತಿಂಗಳು, ಸೀಮಂತ ಮುಗ್ಸಿ ಇನ್ನು 10 ದಿವಸದಲ್ಲಿ ತವರಿಗೆ ಬರ್ತಾಳೆ. ಅಮ್ಮನ ಮನೆ ನಮ್ಮಲ್ಲಿಂದ ಗುಡ್ಡೆ ಇಳಿದ್ರೆ ಸಿಕ್ತದೆ, ಹಾಗಾಗಿ ಬಾಣಂತನದ ತಯಾರಿ ಪೂರ ನನ್ನ ತಲೆಗೇ ಬಂದಿದೆ. ಲೇಹ್ಯಕ್ಕೆ ಹೇಳಿ ಆಯ್ತು, ಹಳೇ ಸೀರೆ ಒಗೆದು ಮಡಚಿಟ್ಟಾಯ್ತು, ಕಟ್ಟಿಗೆ ಒಟ್ಟಿ ಆಯ್ತು. ಈಗ ಇವಳು ವಾಟ್ಸಾಪಲ್ಲಿ ಒಂದು ದೊಡ್ಡ ಪಟ್ಟಿ ಕಳಿಸಿದ್ದಾಳೆ, ಮನೆಯಲ್ಲಿ ಇರುವ ಪ್ಲಾಸ್ಟಿಕ್ ಡಬ್ಬಿ, ಬಾಟ್ಲಿ, ಬಕೆಟು, ಜರಡಿ ಎಲ್ಲ ತೆಗೀಬೇಕಂತೆ, ಪ್ಲಾಸ್ಟಿಕಿನಿಂದ ಹಾರ್ಮೋನ್ ಹಾಳಾಗ್ತದೆ, ಹೊಟ್ಟೆಯಲ್ಲಿರುವ ಮಗುವಿಗೂ ಹೋಗ್ತದೆ, ಥೈರಾಯ್ಡ್, ಮುಟ್ಟು ಏರುಪೇರಾಗುವ ಪಿಸಿಓಡಿ ಎಲ್ಲ ಇದ್ರಿಂದಲೇ ಅಂತ.

ಅಮ್ಮನಿಗೆ ಓದಿ ಹೇಳಿದ್ದಕ್ಕೆ "ನಿಮ್ಮನ್ನಿಬ್ರನ್ನೂ ಹೆತ್ತದ್ದು ಇದೇ ಮನೆಯಲ್ಲಿ, ಆಗ ಯಾರ ಹಾರ್ಮೋನೂ ಎಲ್ಲಿಗೂ ಹೋಗ್ಲಿಲ್ಲ" ಅಂತ ಒಂದೇ ಮಾತು. ಆದ್ರೆ ನೀವೇ ಹೇಳಿ, ನಾವು ಹುಟ್ಟುವಾಗ ಮನೆಯಲ್ಲಿ ಪ್ಲಾಸ್ಟಿಕ್ ಅಂತ ಇದ್ದದ್ದು ಒಂದು ಕೊಡಪಾನ, ಒಂದು ಮಗ್ಗು. ಈಗ ಅಟ್ಟ ಹತ್ತಿದ್ರೆ ಕಾಲಿಡ್ಲಿಕ್ಕೆ ಜಾಗ ಇಲ್ಲ, ಐಸ್‌ಕ್ರೀಮ್ ಡಬ್ಬಿಯಿಂದ ಹಿಡಿದು ಪೇಂಟಿನ ಬಕೆಟಿನವರೆಗೆ ಎಲ್ಲ ತೊಳೆದು ಜೋಡಿಸಿಟ್ಟಿದ್ದಾರೆ.

ನನಗೇ 6 ವರ್ಷದಿಂದ ಥೈರಾಯ್ಡ್ ಮಾತ್ರೆ ಉಂಟು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ, ಪ್ಲಾಸ್ಟಿಕ್ ಬಾಟ್ಲಿಯಿಂದಲೇ ನೀರು ಕುಡಿಯುದು 😅 ಹಾಗಾಗಿ ತಂಗಿಗೆ ಬಯ್ಯಲಿಕ್ಕೂ ಬಾಯಿ ಬರುದಿಲ್ಲ, ಅಮ್ಮನ ಡಬ್ಬಿ ಬಿಸಾಡ್ಲಿಕ್ಕೂ ಧೈರ್ಯ ಇಲ್ಲ. ಇದ್ರಲ್ಲಿ ನಿಜ ಎಷ್ಟು, ಫಾರ್ವರ್ಡ್ ಎಷ್ಟು? 10 ದಿವಸದಲ್ಲಿ ನಾನು ನಿಜವಾಗಿ ಎಂತ ಬದಲಾಯಿಸ್ಬೇಕು? ಗೊತ್ತಿದ್ದವರು ಹೇಳಿ ದಯವಿಟ್ಟು.

ಅಡಕೆ_ಸುಲಿಯುವವ:

ಅಕ್ಕ, ಎಲ್ಲ ಬಿಸಾಡುದಾದ್ರೆ ನಮ್ಮ ಮನೆ ಕಡೆ ಬಿಸಾಡಿ, ಗೊಬ್ಬರ ಹಾಕ್ಲಿಕ್ಕೆ ಬಕೆಟು ಸಾಕಾಗುದಿಲ್ಲ 😄

ತಮಾಷೆ ಬಿಡಿ. ನನಗಂತೂ ಈ ಹಾರ್ಮೋನ್ ಮಾತು ಕೇಳಿ ಕೇಳಿ ಸಾಕಾಗಿದೆ. ಒಮ್ಮೆ ತೆಂಗಿನೆಣ್ಣೆ ವಿಷ ಅಂದ್ರು, ಆಮೇಲೆ ಅದೇ ಅಮೃತ ಅಂದ್ರು. ಪ್ಲಾಸ್ಟಿಕ್ ಬಿಟ್ಟು ಹಾಳೆ ತಟ್ಟೆ ಮಾಡಿ ಅಂತ ಹೇಳಿದ್ರು, ನಮ್ಮವರು ಸಾಲ ಮಾಡಿ ಮೆಶಿನ್ ಹಾಕಿದ್ರು, 2025ರಲ್ಲಿ ಅಮೆರಿಕದಲ್ಲಿ ಆಹಾರ, ಔಷಧ ನೋಡಿಕೊಳ್ಳುವ ಎಫ್‌ಡಿಎಯವರು ಹಾಳೆ ತಟ್ಟೆಯಿಂದಲೂ ಅಡಕೆಯ ಅಂಶ ಊಟಕ್ಕೆ ಇಳೀಬಹುದು, ಬೇಡ ಅಂದ್ರು. ಇನ್ನು ಉಳಿದದ್ದು ಅಂಗೈಯಲ್ಲಿ ಉಣ್ಣುದು ಒಂದೇ. ತಂಗಿಗೆ ಹೇಳಿ, ನೆಮ್ಮದಿಯಲ್ಲಿ ಬಂದು ಹೆರ್ಲಿ, ಹೆದರಿಕೆಯಲ್ಲಿ ಹಾಳಾಗುವಷ್ಟು ಹಾರ್ಮೋನ್ ಪ್ಲಾಸ್ಟಿಕಲ್ಲಿ ಹಾಳಾಗ್ಲಿಕ್ಕಿಲ್ಲ.

ಕೆಮಿಸ್ಟ್ರಿ_ಟೀಚರ್:

ಅಡಕೆಯಣ್ಣ ಹೇಳಿದ್ದರಲ್ಲಿ ಹೆದರ್ಬೇಡಿ ಅನ್ನುದು ಮಾತ್ರ ಸರಿ, ಉಳಿದದ್ದು ಅಷ್ಟು ಸಲೀಸಾಗಿ ತಳ್ಳಿಹಾಕುವ ವಿಷಯ ಅಲ್ಲ. ನಾನು ಹೈಯರ್ ಸೆಕೆಂಡರಿಯಲ್ಲಿ ಕೆಮಿಸ್ಟ್ರಿ ಹೇಳಿಕೊಡುವವಳು, ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡ್ತೇನೆ.

ಒಂದು ವಿಷಯ ತಲೆಯಲ್ಲಿ ಕೂತ್ರೆ ಉಳಿದದ್ದು ತಾನಾಗಿ ಅರ್ಥ ಆಗ್ತದೆ. ತೊಂದರೆ ಹೆಚ್ಚಿನ ಕಡೆ ಪ್ಲಾಸ್ಟಿಕಿನ ಉದ್ದ ಸರಪಳಿಯದ್ದಲ್ಲ, ಅದಕ್ಕೆ ಬೆರೆಸುವ ಮದ್ದುಗಳದ್ದು. ಮೆತ್ತಗೆ ಆಗ್ಲಿಕ್ಕೆ ಒಂದು, ಗಟ್ಟಿ ಆಗ್ಲಿಕ್ಕೆ ಒಂದು, ಬಿಸಿಲಿಗೆ ಪುಡಿ ಆಗದ ಹಾಗೆ ಒಂದು, ಬೆಂಕಿ ಹಿಡೀಬಾರ್ದು ಅಂತ ಒಂದು, ಬಣ್ಣಕ್ಕೆ ಒಂದು. 2024ರಲ್ಲಿ ಪ್ಲಾಸ್ಟ್‌ಕೆಮ್ ಅಂತ ಒಂದು ವರದಿ ಬಂತು, ಪ್ಲಾಸ್ಟಿಕಿಗೆ ಸಂಬಂಧಪಟ್ಟ ಕೆಮಿಕಲ್ 16 ಸಾವಿರಕ್ಕೂ ಮೇಲೆ ಲೆಕ್ಕ ಸಿಕ್ಕಿದೆ, ಅದರಲ್ಲಿ 4,200ಕ್ಕೂ ಜಾಸ್ತಿ ಆರೋಗ್ಯಕ್ಕೋ ಪರಿಸರಕ್ಕೋ ತೊಂದರೆಯವು. ಇವುಗಳಲ್ಲಿ ಸುಮಾರು ಮದ್ದುಗಳು ಪ್ಲಾಸ್ಟಿಕಿಗೆ ಅಂಟಿಕೊಂಡು ಕೂತಿರುದಿಲ್ಲ, ಗೋಣಿಯಲ್ಲಿ ತುಂಬಿಸಿದ ಅಕ್ಕಿಯ ಹಾಗೆ ಒಳಗೆ ಇರ್ತವೆ ಅಷ್ಟೆ, ಗೋಣಿ ಹಳತಾದ ಹಾಗೆ ಒಂದೊಂದೇ ಹೊರಗೆ ಬೀಳ್ತವೆ. ಮೆತ್ತಗಿನ ಪಿವಿಸಿ ಇದ್ಯಲ್ಲ, ರೆಕ್ಸಿನ್, ಸೋರೆಕಾಯಿ ಬಳ್ಳಿಯ ಹಾಗೆ ಬಳುಕುವ ಪೈಪು, ಅದರ ತೂಕದಲ್ಲಿ ಮೂರರಲ್ಲಿ ಒಂದು ಪಾಲು ಥ್ಯಾಲೇಟ್ ಅನ್ನುವ ಎಣ್ಣೆಯಂಥ ಮದ್ದೇ ಇರಬಹುದು.

ಇನ್ನು ಇದು ಹಾರ್ಮೋನಿಗೆ ಎಂತ ಮಾಡ್ತದೆ? ನನ್ನ ಅಜ್ಜನ ಮನೆಯಲ್ಲಿ ನಡೆದದ್ದು ಹೇಳ್ತೇನೆ. ನಮ್ಮ ಸಣ್ಣ ಮಾವ ಚಿಕ್ಕವನಿರುವಾಗ ಉಪ್ಪರಿಗೆಯಲ್ಲಿ ನಿಂತು ಅಜ್ಜನ ಸ್ವರದಲ್ಲಿ ಕೂಗಿದನಂತೆ, "ಏ, ಇವತ್ತು ಆಚೆ ತೋಟದ ಅಡಕೆ ತೆಗೀರಿ" ಅಂತ. ಆಳುಗಳು ಪಾಪ ಧಣಿಗಳ ಸ್ವರ ಅಂತ ನಂಬಿ ಹಸಿ ಹಸಿ ಗೊನೆ ಇಳಿಸಿ ಹಾಕಿದ್ರು. ಅಷ್ಟೇ ಇದು. ಹಾರ್ಮೋನ್ ಅಂದ್ರೆ ರಕ್ತದಲ್ಲಿ ಬರುವ ಹುಕುಂ, ಬಹಳ ಸಣ್ಣ ಸ್ವರದ್ದು, ಆದ್ರೆ ಕೇಳಿದ ಕೂಡ್ಲೆ ಕೆಲಸ ಸುರು. ಬಿಪಿಎ ಅಂದ್ರೆ ಬಿಸ್ಫಿನಾಲ್ ಎ, ಗಟ್ಟಿ ಪ್ಲಾಸ್ಟಿಕ್ ಮಾಡ್ಲಿಕ್ಕೆ ಬಳಸುದು, ಅದು ಹೆಂಗಸರ ಹಾರ್ಮೋನ್ ಈಸ್ಟ್ರೋಜನಿನ ಸ್ವರ ಅನುಕರಣೆ ಮಾಡ್ತದೆ. ಥ್ಯಾಲೇಟ್ ಅನುಕರಣೆ ಮಾಡುದಿಲ್ಲ, ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರೋನ್ ತಯಾರಾಗುವಲ್ಲಿಗೇ ಹೋಗಿ ಅಡ್ಡ ಹಾಕ್ತದೆ. ಅಕ್ಕ, ನಿಮ್ಮ ಥೈರಾಯ್ಡ್ ಮಾತ್ರೆ ಅಂದ್ರೆ ಟಿ4, ಆ 4 ಅಂದ್ರೆ 4 ಅಯೋಡಿನ್. ಹಳೇ ಟಿವಿಯ ಡಬ್ಬಿ, ಸೋಫಾದ ಫೋಮಿಗೆ ಬೆಂಕಿ ಹಿಡೀಬಾರ್ದು ಅಂತ ಹಾಕುತ್ತಿದ್ದ ಮದ್ದಲ್ಲಿ ಅಯೋಡಿನ್ ಇರುವ ಜಾಗದಲ್ಲಿ ಬ್ರೋಮಿನ್ ಕೂತ ಹಾಗೆ ಇರ್ತದೆ, ನೋಡ್ಲಿಕ್ಕೆ ಅಣ್ಣ ತಮ್ಮ. ಆದ್ರೆ ನಿಮ್ಮ ಥೈರಾಯ್ಡ್ ಪ್ಲಾಸ್ಟಿಕಿನಿಂದಲೇ ಬಂತು ಅಂತ ಇಲ್ಲಿ ಕೂತು ಯಾರೂ ಹೇಳ್ಲಿಕ್ಕಾಗುದಿಲ್ಲ, ಹೇಳಿದ್ರೆ ನಂಬ್ಬೇಡಿ. ದೇಹವೇ ತನ್ನ ಗ್ರಂಥಿಯ ಮೇಲೆ ತಿರುಗಿ ಬೀಳುವ ಕಾಯಿಲೆಯಿಂದಲೇ ತುಂಬ ಜನಕ್ಕೆ ಬರುದು. ಮಾತ್ರೆ ಬಿಡ್ಬೇಡಿ.

ಬಿಪಿಎಯ ಚರಿತ್ರೆ ಗೊತ್ತುಂಟಾ? ಇದು ಈಸ್ಟ್ರೋಜನಿನ ಹಾಗೆ ಕೆಲಸ ಮಾಡ್ತದೆ ಅಂತ ಗೊತ್ತಾದದ್ದು ಪ್ಲಾಸ್ಟಿಕಿಗೆ ಹಾಕಿದ ಮೇಲೆ ಅಲ್ಲ, ಮೊದಲೇ. 1936ರಲ್ಲಿ ಡಾಡ್ಸ್ ಅನ್ನುವ ಇಂಗ್ಲೆಂಡಿನ ವಿಜ್ಞಾನಿ ಹೆಂಗಸರಿಗೆ ಔಷಧ ಹುಡುಕ್ತಾ ಇದನ್ನು ಇಲಿಗಳ ಮೇಲೆ ಪರೀಕ್ಷೆ ಮಾಡಿದ್ದರು. 1938ರಲ್ಲಿ ಅವರ ಗುಂಪಿಗೆ ಇದಕ್ಕಿಂತ ಜೋರಾದ, ಡಿಇಎಸ್ ಅನ್ನುವ ಕೃತಕ ಈಸ್ಟ್ರೋಜನ್ ಸಿಕ್ಕಿತು, ಬಿಪಿಎ ಮೂಲೆಗೆ ಹೋಯ್ತು. ಆ ಡಿಇಎಸ್ಸನ್ನು ಗರ್ಭ ನಿಲ್ಲಲಿ ಅಂತ ಬಸುರಿಯರಿಗೆ ವರ್ಷಗಟ್ಟಲೆ ಕೊಟ್ಟರು, 1971ರಲ್ಲಿ ನೋಡಿದ್ರೆ ತಗೊಂಡ ತಾಯಂದಿರಿಗಲ್ಲ, ಅವರ ಹೆಣ್ಣುಮಕ್ಕಳಿಗೆ ಹರೆಯದಲ್ಲಿ ಅಪರೂಪದ ಕ್ಯಾನ್ಸರ್. ಬಸುರಿಲಿ ಕೊಟ್ಟ ಹುಕುಂ 20 ವರ್ಷ ಕಳೆದು ಜಾರಿ ಆದ ಹಾಗೆ. ಮೂಲೆಯಲ್ಲಿದ್ದ ಬಿಪಿಎ 1950ರ ದಶಕದಲ್ಲಿ ಪಾಲಿಕಾರ್ಬನೇಟ್ ಅನ್ನುವ ಗಾಜಿನಂಥ ಗಟ್ಟಿ ಪ್ಲಾಸ್ಟಿಕ್ ಆಗಿ ವಾಪಸ್ ಬಂತು. ನೀರಿನ 20 ಲೀಟರ್ ಕ್ಯಾನಿನಲ್ಲಿ ನೀಲಿ ಬಣ್ಣದ್ದು, ಟಣ್ ಅಂತ ಸದ್ದು ಬರುದು ಸುಮಾರು ಅದೇ.

ಇನ್ನೊಂದು, ಇದು ನಾನು ಮಕ್ಕಳಿಗೆ ಪ್ರತಿ ವರ್ಷ ಹೇಳುವ ಕಥೆ. 1998ರಲ್ಲಿ ಅಮೆರಿಕದಲ್ಲಿ ಪೆಟ್ರೀಶಿಯಾ ಹಂಟ್ ಅನ್ನುವವರ ಲ್ಯಾಬಲ್ಲಿ ಸರಿ ಇದ್ದ ಹೆಣ್ಣು ಇಲಿಗಳ ಅಂಡಾಣುಗಳಲ್ಲಿ ಇದ್ದಕ್ಕಿದ್ದ ಹಾಗೆ ಕ್ರೋಮೋಸೋಮ್ ಎಡವಟ್ಟು ಕಾಣ್ಲಿಕ್ಕೆ ಸುರುವಾಯ್ತು. ಹುಡುಕಿ ಹುಡುಕಿ ನೋಡಿದ್ರೆ ಯಾರೋ ಪಾಲಿಕಾರ್ಬನೇಟ್ ಗೂಡು, ನೀರಿನ ಬಾಟ್ಲಿಗಳನ್ನು ನೆಲ ತೊಳೆಯುವ ಕ್ಷಾರದ ಸೋಪಿನಲ್ಲಿ ತೊಳೆದಿದ್ದಾರೆ, ಪ್ಲಾಸ್ಟಿಕ್ ಕರಗಿ ಬಿಪಿಎ ಇಲಿಯ ಹೊಟ್ಟೆಗೆ ಹೋಗಿದೆ. 2003ರಲ್ಲಿ ಪ್ರಕಟ ಮಾಡಿದ್ರು. ಮಸಕಾದ, ಗೀಚು ಬಿದ್ದ ಬಾಟ್ಲಿ ನೋಡಿದಾಗೆಲ್ಲ ನನಗೆ ಆ ಇಲಿಗಳದ್ದೇ ನೆನಪು.

ಅಡಕೆ_ಸುಲಿಯುವವ:

ಟೀಚರೇ, ಇಲಿಗೆ ಆದದ್ದೆಲ್ಲ ಮನುಷ್ಯನಿಗೆ ಆಗ್ಬೇಕು ಅಂತ ಇಲ್ಲ. ಗಂಡಸರ ವೀರ್ಯಾಣು ಅರ್ಧಕ್ಕೆ ಇಳಿದಿದೆ, ಪ್ಲಾಸ್ಟಿಕೇ ಕಾರಣ ಅಂತ ಒಂದು ವೀಡಿಯೋ ತಿರುಗ್ತಾ ಉಂಟು. ನಾನು ಹುಡುಕಿ ನೋಡಿದೆ, ಆ 2017ರ ಲೆಕ್ಕಾಚಾರದಲ್ಲಿ ಇಳಿದದ್ದು ಹೌದು ಅಂತ ಉಂಟು, 1973ರಿಂದ 2011ರವರೆಗೆ ಪಶ್ಚಿಮ ದೇಶಗಳಲ್ಲಿ 50ಕ್ಕಿಂತ ಹೆಚ್ಚು ಪರ್ಸೆಂಟ್, ಆದ್ರೆ ಕಾರಣ ಪ್ಲಾಸ್ಟಿಕ್ ಅಂತ ಆ ಪೇಪರ್ ಸಾಬೀತು ಮಾಡಿದ್ದಲ್ಲ. ಬೊಜ್ಜು, ಬೀಡಿ, ಕುಡಿತ, ಕೂತಲ್ಲೇ ಕೂರುದು ಎಲ್ಲ ಉಂಟಲ್ಲ. ಅದನ್ನು ಯಾರೂ ಫಾರ್ವರ್ಡ್ ಮಾಡುದಿಲ್ಲ.

ಕೆಮಿಸ್ಟ್ರಿ_ಟೀಚರ್:

ಅದು ನೂರಕ್ಕೆ ನೂರು ಸರಿ ಅಣ್ಣ, ಓದಿ ಬಂದು ಮಾತಾಡುವವರು ಸಿಕ್ಕುದೇ ಕಷ್ಟ ಇಲ್ಲಿ. ಮನುಷ್ಯರ ಮೇಲೆ ಬೇಕಂತ ಕೊಟ್ಟು ಪರೀಕ್ಷೆ ಮಾಡ್ಲಿಕ್ಕಾಗುದಿಲ್ಲ, ಹಾಗಾಗಿ ಮೂತ್ರದಲ್ಲಿ ಅಳೆದು, ಯಾರಿಗೆ ಎಂತ ಆಯ್ತು ಅಂತ ತಾಳೆ ಹಾಕುದೇ ದಾರಿ. 2005ರಲ್ಲಿ ಶಾನಾ ಸ್ವಾನ್ ಅನ್ನುವವರು ಹಾಗೆಯೇ ನೋಡಿದ್ದು, ಬಸುರಿಯರ ಮೂತ್ರದಲ್ಲಿ ಥ್ಯಾಲೇಟ್ ಜಾಸ್ತಿ ಇದ್ದವರ ಗಂಡುಮಕ್ಕಳಲ್ಲಿ ಜನನಾಂಗದ ಬೆಳವಣಿಗೆಯ ಒಂದು ಅಳತೆ ಕಮ್ಮಿ ಬಂತು. ಥ್ಯಾಲೇಟ್ ಕೊಟ್ಟ ಇಲಿಯಲ್ಲಿ ಕಂಡದ್ದೇ ಸಣ್ಣ ಮಟ್ಟದಲ್ಲಿ ಮನುಷ್ಯನಲ್ಲೂ ಕಂಡ ಹಾಗೆ, ಅದಕ್ಕೇ ಅದು ಅಷ್ಟು ಸುದ್ದಿ ಆದದ್ದು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಬಿಪಿಎ ದಿನಕ್ಕೆ ಇಷ್ಟು ಒಳಗೆ ಹೋದ್ರೆ ತೊಂದರೆ ಇಲ್ಲ ಅನ್ನುವ ತನ್ನ ಹಳೇ ಅಳತೆಯನ್ನು ಒಂದೇ ಸಲ 20 ಸಾವಿರ ಪಟ್ಟು ಇಳಿಸಿತು. 20 ಅಲ್ಲ, 20 ಸಾವಿರ. ಅಷ್ಟು ಇಳಿಸುದು ಅತಿ ಆಯ್ತು ಅಂತ ಬೇರೆ ಸಂಸ್ಥೆಗಳು ತಕರಾರು ತೆಗೆದದ್ದೂ ಉಂಟು, ಆದ್ರೂ 2024ರ ಕೊನೆಗೆ ಯುರೋಪಿನಲ್ಲಿ ಊಟ ತಿಂಡಿ ಮುಟ್ಟುವ ವಸ್ತುಗಳಿಗೆ ಬಿಪಿಎ ಬೇಡ ಅಂತ ಕಾನೂನೇ ಆಯ್ತು. ಫಾರ್ವರ್ಡ್ ನಂಬಿ ಯಾರೂ ಹಾಗೆ ಮಾಡುದಿಲ್ಲ.

ಸ್ವರ್ಗದವ:

ಟೀಚರ್ ಮತ್ತೆ ಅಣ್ಣನ ಮಾತಿನ ನಡುವೆ ಬರ್ತೇನೆ. ನಾನು ಕಾಸರಗೋಡಿನ ಎಣ್ಮಕಜೆಯವ. ಹಾರ್ಮೋನ್ ಅನ್ನುವ ಶಬ್ದ ನಮ್ಮೂರಿನವರು ಕಲಿತದ್ದು ಪ್ಲಾಸ್ಟಿಕಿನಿಂದ ಅಲ್ಲ, ಹೆಲಿಕಾಪ್ಟರಿನಿಂದ. 20 ವರ್ಷಕ್ಕೂ ಮೇಲೆ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ್ರು, ನಾವು ಹೆಲಿಕಾಪ್ಟರ್ ನೋಡ್ಲಿಕ್ಕೆ ಶಾಲೆಯಿಂದ ಹೊರಗೆ ಓಡಿ ಬರ್ತಿದ್ದೆವು. ಅಹಮದಾಬಾದಿನ ಎನ್‌ಐಓಎಚ್ ಅನ್ನುವ ಸರಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯವರು ನಮ್ಮ ಪಡ್ರೆಗೆ ಬಂದು 10ರಿಂದ 19 ವರ್ಷದ ಹುಡುಗರನ್ನು ಪರೀಕ್ಷೆ ಮಾಡಿ, ಮದ್ದು ಬೀಳದ ಊರಿನ ಹುಡುಗರ ಜೊತೆ ಹೋಲಿಸಿ 2003ರಲ್ಲಿ ಪ್ರಕಟ ಮಾಡಿದ್ದು ಉಂಟು, ಹುಡುಗರು ದೊಡ್ಡವರಾಗುದು ತಡ ಆಗಿದೆ, ಟೆಸ್ಟೋಸ್ಟೆರೋನ್ ತಯಾರಿಗೆ ಅಡ್ಡಿ ಆಗಿರಬಹುದು ಅಂತ. ಎಂಡೋಸಲ್ಫಾನ್ ಪ್ಲಾಸ್ಟಿಕ್ ಅಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗ್ಬಾರ್ದು, ಗೊತ್ತುಂಟು. ಆದ್ರೆ ಇಲಿಗೆ ಆದದ್ದು ಮನುಷ್ಯನಿಗೆ ಆಗ್ಬೇಕಂತಿಲ್ಲ ಅನ್ನುವ ಇದೇ ವಾಕ್ಯ ನಮ್ಮ ಊರಿಗೆ ಎಷ್ಟು ವರ್ಷ ಹೇಳಿದ್ದಾರೆ ಅಂತ ಅಣ್ಣನಿಗೂ ಗೊತ್ತಿರಬೇಕು. ನನಗೆ ಆ ವಾಕ್ಯ ಕೇಳಿದ್ರೆ ಮೈ ಉರೀತದೆ, ಅಷ್ಟೆ. ಅಣ್ಣನ ಮೇಲೆ ಕೋಪ ಅಲ್ಲ.

ಅಡಕೆ_ಸುಲಿಯುವವ:

ಇಲ್ಲ ಮಾರಾಯ್ರೆ, ನನಗೆ ಹಾಗೆ ಹೊಳೀಲೇ ಇಲ್ಲ. ಒಪ್ಪಿದೆ.

ಪೆರ್ಲದಕ್ಕ:

ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಓದಿ ಓದಿ ನಿದ್ದೆ ಬರ್ಲಿಲ್ಲ, ಇವತ್ತು ಬೆಳಿಗ್ಗೆ ಸೀದ ಅಮ್ಮನ ಮನೆಗೆ ಹೋಗಿ ಅಡಿಗೆಕೋಣೆಯ ಪಾತ್ರೆಗಳನ್ನೆಲ್ಲ ಮಗುಚಿ ಅಡಿ ನೋಡಿದೆ, ಅಮ್ಮ ಇವಳಿಗೆ ಎಂತ ಆಯ್ತು ಅಂತ ನೋಡ್ತಾ ನಿಂತಿದ್ರು. ಯಾವ ಜಾತಿಯ ಪ್ಲಾಸ್ಟಿಕ್ ಅಂತ ತಿಳಿಸುವ ನಂಬ್ರ ತ್ರಿಕೋಣದ ಒಳಗೆ ಇರ್ತದಲ್ಲ, ಮೊಸರಿನ ಡಬ್ಬಿ, ಹುಡಿ ಡಬ್ಬಿ ಎಲ್ಲ 5. ನೀರಿನ ಬಾಟ್ಲಿಗಳು 1. ತೆಂಗಿನೆಣ್ಣೆ ಕ್ಯಾನು 2. ನೀರಿನ ಕ್ಯಾನು ಒಂದು ಉಂಟು, 7.

ಇನ್ನು ಪೇಂಟಿನ ಬಕೆಟು. ಅದರಲ್ಲಿ ಈ ವರ್ಷದ ಉಪ್ಪುಸೊಳೆ, ಅಂದ್ರೆ ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ ಉಂಟು. 20 ಲೀಟರಿನದ್ದು, ಕುತ್ತಿಗೆವರೆಗೆ, ಮೇಲೆ ಕಲ್ಲು ಇಟ್ಟು. ಮೊದಲು ಭರಣಿಯಲ್ಲಿ ಹಾಕ್ತಿದ್ರು, ಭರಣಿಗೆ ಬಿರುಕು ಬಿದ್ದ ಮೇಲೆ ಇದು. ಬಕೆಟಿನ ಹೊರಗೆ ಇನ್ನೂ ಪೇಂಟಿನ ಹೆಂಗಸಿನ ಚಿತ್ರ ನಗಾಡ್ತಾ ಉಂಟು. ಇದನ್ನು ತಿಂದದ್ದು ನಾವೇ, ಎಷ್ಟು ಮಳೆಗಾಲ! ದನಕ್ಕೆ ಹಾಲು ಕರೆಯುವ ಮೆಶಿನಿದ್ದು ಟ್ಯೂಬೂ ಮೆತ್ತಗೆ ಪ್ಲಾಸ್ಟಿಕಿನದ್ದು, ಅದನ್ನೂ ಕೇಳಬೇಕಿತ್ತು. ತಂಗಿಗೆ ದಿನಾ ಹಾಲು ತುಪ್ಪ ಕೊಡ್ಲಿಕ್ಕೆ ಉಂಟಲ್ಲ.

ಕೆಮಿಸ್ಟ್ರಿ_ಟೀಚರ್:

ಅಕ್ಕ ನೀವು ನನ್ನ ಕ್ಲಾಸಲ್ಲಿ ಇರಬೇಕಿತ್ತು!

1 ನಂಬ್ರದ್ದು ಪಿಇಟಿ, ಅದರಲ್ಲಿ ಬಿಪಿಎ ಇರುದಿಲ್ಲ, ಇದು ತುಂಬ ಜನಕ್ಕೆ ತಪ್ಪು ತಿಳುವಳಿಕೆ. ಆದ್ರೆ ಅದನ್ನು ತಯಾರು ಮಾಡುವಾಗ ಹಾಕಿದ ಆಂಟಿಮನಿ ಅನ್ನುವ ಲೋಹದಂಥ ವಸ್ತು ಬಿಸಿಗೆ ಚೂರು ಚೂರು ನೀರಿಗೆ ಬರ್ತದೆ, ಹಾಗಾಗಿ ಬಿಸಿಲಲ್ಲಿ ನಿಂತ ಕಾರಲ್ಲಿ ಬೆಂದ ಬಾಟ್ಲಿಯ ನೀರು ಕುಡೀಬಾರ್ದು, ಬಿಸಿನೀರು ಅದಕ್ಕೆ ಹಾಕ್ಲೇಬಾರ್ದು. 2 ಮತ್ತೆ 5ಕ್ಕೆ ಮೆತ್ತಗೆ ಮಾಡುವ ಥ್ಯಾಲೇಟಿನ ಅಗತ್ಯ ಇಲ್ಲ, ಹುಡಿ, ಬೇಳೆ, ಸಕ್ಕರೆ ಇಡ್ಲಿಕ್ಕೆ ಅಮ್ಮನ ಡಬ್ಬಿಗಳು ಇರ್ಲಿ, ಬಿಸಾಡಿ ಅಮ್ಮನ ಬಿಪಿ ಏರಿಸ್ಬೇಡಿ. ಆದ್ರೆ 5ಕ್ಕೂ ಬಿಸಿ ಆಗುದಿಲ್ಲ. ಮಕ್ಕಳ ಹಾಲಿನ ಬಾಟ್ಲಿ ಈಗ ಹೆಚ್ಚಾಗಿ ಅದರದ್ದೇ, 2020ರಲ್ಲಿ ಐರ್ಲೆಂಡಿನ ಟ್ರಿನಿಟಿ ಕಾಲೇಜಿನವರು ಅದರಲ್ಲಿ ಬಿಸಿನೀರು ಹಾಕಿ ಕುಲುಕಿ ನೋಡಿದ್ರೆ ಲೀಟರಿಗೆ 1 ಕೋಟಿ 60 ಲಕ್ಷದವರೆಗೆ ಪ್ಲಾಸ್ಟಿಕ್ ಕಣ ಬಂತು. ಹಾಗಾಗಿ ಹಾಲಿನ ಬಾಟ್ಲಿ ಬೇಕಾಗಿ ಬಂದ್ರೆ ಗಾಜಿನದ್ದೋ ಸ್ಟೀಲಿನದ್ದೋ ತನ್ನಿ, ಇಲ್ಲ ನಮ್ಮ ಹಳೇ ಒಳಲೆಯೇ ಸಾಕು. ಬಿಪಿಎ ಫ್ರೀ ಅಂತ ಬರೆದದ್ದಕ್ಕೆ ಮರುಳಾಗ್ಬೇಡಿ, ಎಷ್ಟೋ ಕಡೆ ಬಿಪಿಎ ತೆಗೆದು ಅದರ ತಮ್ಮ ಬಿಪಿಎಸ್ ಹಾಕ್ತಾರೆ, ಗುಣ ಅದೇ.

7ರ ಕ್ಯಾನು ಆಗ ಹೇಳಿದ ಪಾಲಿಕಾರ್ಬನೇಟ್ ಇರಬಹುದು, ಬದಲಾಯಿಸಿ, ಬಾವಿ ನೀರು ಇರುವ ಮನೆಗೆ ಅದು ಯಾಕೆ ಬಂತೋ ದೇವರಿಗೇ ಗೊತ್ತು.

ಪೇಂಟಿನ ಬಕೆಟು ಅಂದ್ರೆ ಊಟದ ವಸ್ತುವಿಗೆ ಅಂತ ಮಾಡಿದ್ದೇ ಅಲ್ಲ. ಯಾವ ಹಳೇ ಪ್ಲಾಸ್ಟಿಕ್ ಕರಗಿಸಿ ಎರಕ ಹೊಯ್ದರೋ, ಪೇಂಟು ಕೊಳೀಬಾರ್ದು ಅಂತ ಹಾಕಿದ ಮದ್ದು ಗೋಡೆಯಲ್ಲಿ ಎಷ್ಟು ಹೀರಿದೆಯೋ. ಅದರ ಒಳಗೆ ಉಪ್ಪುನೀರು, ಅದೂ ತಿಂಗಳುಗಟ್ಟಲೆ. ನಾನಾದ್ರೆ ತಂಗಿಗೆ ಆ ಸೊಳೆಯ ರೊಟ್ಟಿ ಕೊಡುದಿಲ್ಲ.

ಟ್ಯೂಬಿನ ವಿಷಯ ನೀವು ಕೇಳಿದ್ದು ಬಹಳ ಒಳ್ಳೇದಾಯ್ತು. ಥ್ಯಾಲೇಟಿಗೆ ನೀರಿಗಿಂತ ಕೊಬ್ಬು ಇಷ್ಟ. ಆಗ ತಾನೇ ಕರೆದ ಹಾಲು ಬಿಸಿ ಇರ್ತದೆ, ಕೊಬ್ಬೂ ಇರ್ತದೆ, ಮೆತ್ತಗಿನ ಪಿವಿಸಿ ಟ್ಯೂಬಲ್ಲಿ ಹರಿದ್ರೆ ಹೀರಿಕೊಳ್ತದೆ, ಹೊರದೇಶದ ಡೈರಿಗಳಲ್ಲಿ ಇದನ್ನು ಅಳೆದು ನೋಡಿ ಟ್ಯೂಬ್ ಬದಲಾಯಿಸಿದ್ದಾರೆ. ಸಿಲಿಕೋನ್ ಅಥವಾ ರಬ್ಬರಿನದ್ದು ಸಿಕ್ತದೆ, ಅಂಗಡಿಯಲ್ಲಿ ಕೇಳಿ. ಇಲ್ಲ ಒಂದೇ ದನ ಆದ್ರೆ ಕೈಯಲ್ಲೇ ಕರೀಬಹುದಲ್ಲ.

ಒಂದು ಸಮಾಧಾನದ ಮಾತು. ಬಿಪಿಎ, ಥ್ಯಾಲೇಟ್ ಒಳಗೆ ಹೋದದ್ದು ಮೈಯಲ್ಲಿ ವರ್ಷಗಟ್ಟಲೆ ಕೂರುದಿಲ್ಲ, ಹೆಚ್ಚಿನದ್ದು ಒಂದೆರಡು ದಿವಸದ ಒಳಗೆ ಮೂತ್ರದಲ್ಲಿ ಹೋಗ್ತದೆ. ತೊಂದರೆ ಎಂತ ಅಂದ್ರೆ ದಿನಾ ಹೊಸತು ಬರ್ತದೆ. 2011ರಲ್ಲಿ ಅಮೆರಿಕದಲ್ಲಿ 5 ಮನೆಯ 20 ಜನಕ್ಕೆ 3 ದಿವಸ ಪ್ಯಾಕೆಟ್ಟು ಡಬ್ಬಿ ಮುಟ್ಟದ ತಾಜಾ ಊಟ ಕೊಟ್ಟು ನೋಡಿದ್ರು, ಮೂತ್ರದಲ್ಲಿ ಬಿಪಿಎ ಸರಾಸರಿ 66 ಪರ್ಸೆಂಟ್ ಇಳೀತು. ಅಂದ್ರೆ ನಿಮ್ಮ 10 ದಿವಸ ಧಾರಾಳ ಸಾಕು. ಮತ್ತೆ ತಂಗಿ 7 ತಿಂಗಳಲ್ಲಿ ಇದ್ದಾಳೆ, ಗಂಡುಮಗುವಿನ ಅಂಗ ರೂಪ ಆಗುವ ಆ ನಾಜೂಕಿನ ಸಮಯ 8ರಿಂದ 14ನೇ ವಾರದ ಹೊತ್ತಿನದ್ದು, ಅದು ಕಳೆದು ಹೋಗಿದೆ, ಹಿಂದಿನದ್ದು ಯೋಚನೆ ಮಾಡಿ ಕೊರಗುದು ಬೇಡ. ಮಗುವಿನ ಮೆದುಳು ಮಾತ್ರ ಈಗಲೂ, ಹುಟ್ಟಿದ ಮೇಲೂ ಬೆಳೀತಾ ಇರ್ತದೆ, ಹಾಗಾಗಿ ಈಗ ಮಾಡಿದ್ದೂ ದಂಡ ಅಲ್ಲ.

ಅಡಕೆ_ಸುಲಿಯುವವ:

ಅಂದ ಹಾಗೆ ಸೀಮಂತದ ಊಟಕ್ಕೆ ಪಾಯಸ ಪೇಪರ್ ಕಪ್ಪಲ್ಲಿ ಕೊಡ್ತೀರಾದ್ರೆ ಅದೂ ಪ್ಲಾಸ್ಟಿಕೇ ಅಕ್ಕ, ಒಳಗೆ ತೆಳು ಪೊರೆ ಇರ್ತದೆ. ಖರಗ್‌ಪುರ ಐಐಟಿಯವರು 2020ರಲ್ಲಿ ಲೆಕ್ಕ ಹಾಕಿದ್ರು, 100 ಮಿಲಿ ಬಿಸಿನೀರು 15 ನಿಮಿಷ ಕೂತ್ರೆ 25 ಸಾವಿರ ಪ್ಲಾಸ್ಟಿಕ್ ಕಣ. ನೋಡಿ, ನಾನೂ ಓದ್ತೇನೆ.

ಹಸಿರು_ಕೋಟು:

ನಾನು ಹರಿತ ಕರ್ಮ ಸೇನೆಯಲ್ಲಿ ಕೆಲಸ ಮಾಡುದು, ತಿಂಗಳಿಗೊಮ್ಮೆ 50 ರೂಪಾಯಿ ತಗೊಂಡು ನಿಮ್ಮ ಮನೆ ಪ್ಲಾಸ್ಟಿಕ್ ಕೊಂಡು ಹೋಗುವವರು. ಇಷ್ಟು ದೊಡ್ಡ ದೊಡ್ಡ ವಿಷಯ ನನಗೆ ಗೊತ್ತಿಲ್ಲ. ಆದ್ರೆ ಒಂದು ಕೇಳ್ತೇನೆ, ತಪ್ಪು ತಿಳ್ಕೊಳ್ಬೇಡಿ ಅಕ್ಕ.

ನಿಮ್ಮಲ್ಲಿ ಬಚ್ಚಲ ಒಲೆಗೆ ಬೆಂಕಿ ಹಿಡಿಸುದು ಹೇಗೆ?

ಯಾಕೆ ಕೇಳಿದ್ದು ಅಂದ್ರೆ, ನಾವು ಮನೆಮನೆಗೆ ಹೋಗುವಾಗ ಬಾಟ್ಲಿ ಸಿಕ್ತದೆ, ದೊಡ್ಡ ಡಬ್ಬಿ ಸಿಕ್ತದೆ. ಹಾಲಿನ ತೊಟ್ಟೆ, ಬಿಸ್ಕೆಟ್ ಕವರು, ಮಿಕ್ಸ್ಚರ್ ಪ್ಯಾಕೆಟ್ ಮಾತ್ರ ತುಂಬ ಮನೆಯಲ್ಲಿ ಸಿಕ್ಕುದೇ ಇಲ್ಲ. ದಿನಾ ಅರ್ಧ ಲೀಟರ್ ಪ್ಯಾಕೆಟ್ ಹಾಲು ತರುವ ಮನೆ, ತಿಂಗಳಿಗೆ 30 ತೊಟ್ಟೆ ಆಗ್ಬೇಕಲ್ಲ, ನಮಗೆ 2 ಕೊಡ್ತಾರೆ. ಉಳಿದ 28 ಎಲ್ಲಿ ಹೋಯ್ತು ಅಂತ ಬಚ್ಚಲ ಮಾಡಿನ ಮಸಿ ನೋಡಿದ್ರೆ ಗೊತ್ತಾಗ್ತದೆ, ಕಟ್ಟಿಗೆಯ ಮಸಿ ಬೇರೆ, ಪ್ಲಾಸ್ಟಿಕಿನ ಮಸಿ ಬೇರೆ, ಅದು ಅಂಟಂಟು ಇರ್ತದೆ, ಜೋತುಬೀಳ್ತದೆ. ಬಾಣಂತಿ ಮೀಯ್ಲಿಕ್ಕೆ ದಿನಾ ಎರಡು ಹಂಡೆ ನೀರು ಕಾಯಿಸ್ತಾರೆ. ಅವಳು ಆ ಹೊಗೆಯಲ್ಲೇ ಕೂತು ಮೀಯುದು, ಮಗುವನ್ನು ಮೀಯಿಸುದೂ ಅಲ್ಲೇ. ಡಬ್ಬಿ ನಂಬ್ರ ಆಮೇಲೆ ನೋಡಿ.

ಪೆರ್ಲದಕ್ಕ:

ಅಯ್ಯೋ ದೇವರೇ.

ಸುಳ್ಳು ಯಾಕೆ ಹೇಳ್ಲಿ. ಬಚ್ಚಲ ಬಾಗಿಲ ಹಿಂದೆ ಒಂದು ತಗಡಿನ ಡಬ್ಬಿ ಉಂಟು, ಅದರಲ್ಲಿ ಅಮ್ಮ ತೊಟ್ಟೆಗಳನ್ನು ಮಡಚಿ ಮಡಚಿ ತುಂಬಿಸಿಡ್ತಾರೆ, ಮಳೆಗಾಲದಲ್ಲಿ ಕಟ್ಟಿಗೆ ಹಸಿ ಇದ್ರೆ ಅದನ್ನು ಅಡಿಗೆ ಇಟ್ಟು ಗೀರಿದ್ರೆ ಭಗ್ ಅಂತ ಹತ್ತಿಕೊಳ್ತದೆ. ನಾನೂ ಹಾಗೇ ಮಾಡುದು, ನನ್ನ ಮನೆಯಲ್ಲೂ. ಅಡಿಗೆಕೋಣೆಯಲ್ಲಿ ಡಬ್ಬಿ ಮಗುಚಿ ನೋಡಿದವಳಿಗೆ ಅದು ನೆನಪೇ ಆಗ್ಲಿಲ್ಲ ನೋಡಿ. ಮೊನ್ನೆ ಹಳೇ ರೆಕ್ಸಿನ್ ಬ್ಯಾಗು, ಹರಿದ ಚಪ್ಪಲಿಯೂ ಹೋಗಿದೆ ಒಲೆಗೆ.

ಆ ಬೂದಿ ನಾವು ಬಸಳೆ ಬುಡಕ್ಕೆ, ತೊಂಡೆ ಚಪ್ಪರಕ್ಕೆ ಹಾಕುದು. ಅದೆಂತ ಆಗ್ತದೆ?

ಕೆಮಿಸ್ಟ್ರಿ_ಟೀಚರ್:

ಹಸಿರು ಕೋಟಿನ ಅಕ್ಕನಿಗೆ ನನ್ನದೊಂದು ನಮಸ್ಕಾರ. ನಾನು ಅಷ್ಟು ಉದ್ದ ಬರೆದೆ, ಕೇಳ್ಬೇಕಾದ ಪ್ರಶ್ನೆಯನ್ನೇ ಕೇಳ್ಲಿಲ್ಲ.

ಹಾಲಿನ ತೊಟ್ಟೆ ಪಾಲಿಥೀನ್, ಅದರಲ್ಲಿ ಕ್ಲೋರಿನ್ ಇಲ್ಲ, ಆದ್ರೂ ಅರೆಬೆಂದ ಹೊಗೆಯಲ್ಲಿ ಕ್ಯಾನ್ಸರ್ ತರುವ ಮಸಿಯಂಥವೆಲ್ಲ ಇರ್ತವೆ. ರೆಕ್ಸಿನ್, ವೈರು, ಪೈಪಿನ ತುಂಡು, ಕೆಲವು ಚಪ್ಪಲಿ ಅಂದ್ರೆ ಪಿವಿಸಿ, ಅದರಲ್ಲಿ ಕ್ಲೋರಿನ್ ಉಂಟು, ಬಚ್ಚಲ ಒಲೆಯ ಮಂದ ಬೆಂಕಿಯಲ್ಲಿ ಸುಟ್ಟರೆ ಡಯಾಕ್ಸಿನ್ ಅನ್ನುವ ವಿಷ ಆಗ್ತದೆ. ಬಿಪಿಎ ಒಂದೆರಡು ದಿವಸದ ನೆಂಟ ಅಂದೆನಲ್ಲ, ಡಯಾಕ್ಸಿನ್ ಹಾಗಲ್ಲ, ಕೊಬ್ಬಿನಲ್ಲಿ ಹೋಗಿ ಕೂತ್ರೆ ಅರ್ಧ ಖಾಲಿ ಆಗ್ಲಿಕ್ಕೇ 7ರಿಂದ 11 ವರ್ಷ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಥೈರಾಯ್ಡ್, ಸಂತಾನದ ಹಾರ್ಮೋನು, ಮಕ್ಕಳ ಬೆಳವಣಿಗೆ, ಎಲ್ಲದರ ಮೇಲೂ ಅದರ ಕೈ ಉಂಟು. ದೊಡ್ಡ ದೊಡ್ಡ ಸುಡುವ ಘಟಕಗಳಲ್ಲಿ 850 ಡಿಗ್ರಿ ಮೇಲೆ ಸುಡ್ಬೇಕು ಅಂತ ನಿಯಮ ಇರುದು ಅದಕ್ಕೇ.

ಬೂದಿಯಲ್ಲೂ ಅದು ಉಳೀತದೆ, ಜೊತೆಗೆ ಬಣ್ಣದ ಸೀಸ ಗೀಸ. ಗಿಡ ಬೇರಿನಿಂದ ಡಯಾಕ್ಸಿನ್ ಹೀರುದು ಕಮ್ಮಿ, ಮಣ್ಣು ಹಾರಿ ಎಲೆಗೆ ಅಂಟುದು ಜಾಸ್ತಿ, ಹಾಗಾಗಿ ಬಸಳೆ ಕಿತ್ತು ಬಿಸಾಡುವಷ್ಟು ಬೇಡ, ಎಲೆ ದಂಟು ಚೆನ್ನಾಗಿ ತೊಳೀರಿ, ಇನ್ನು ಮುಂದೆ ಆ ಬೂದಿ ಹಾಕ್ಬೇಡಿ. ಬೂದಿ ಗುಂಡಿಯಲ್ಲಿ ಕೆದಕುವ ಕೋಳಿಗೆ, ಅಲ್ಲಿ ಹುಲ್ಲು ಮೇಯುವ ದನಕ್ಕೆ ಮಾತ್ರ ಜಾಸ್ತಿ ಹೋಗ್ತದೆ, ಮೊಟ್ಟೆ ಹಾಲಿಗೆ ಬರುದು ಹಾಗೆ. ಒಂದು ವರ್ಷದ ಬೂದಿ ಬದಲು ಸೊಪ್ಪು ಸೆಗಣಿ ಹಾಕಿದ್ರೆ ಬಸಳೆಗೆ ಬೇಸರ ಆಗುದಿಲ್ಲ.

ಇದನ್ನೆಲ್ಲ ಓದಿ ತಂಗಿ ಎದೆಹಾಲು ಕೊಡ್ಲಿಕ್ಕೆ ಹೆದರಬಹುದು, ಎದೆಹಾಲಿನಲ್ಲೂ ಕೊಬ್ಬು ಉಂಟಲ್ಲ ಅಂತ. ಕೊಡ್ಲೇಬೇಕು, ಅದರ ಗುಣ ಈ ಎಲ್ಲದಕ್ಕಿಂತ ದೊಡ್ಡದು ಅಂತ ಡಾಕ್ಟರುಗಳೆಲ್ಲ ಹೇಳುದು, ಸಂಶಯ ಇದ್ರೆ ನಿಮ್ಮ ಡಾಕ್ಟರ್ ಹತ್ರ ಕೇಳಿ.

ಪೆರ್ಲದಕ್ಕ:

5 ದಿವಸ ಕಳೆದು ಬರೀತಾ ಇದ್ದೇನೆ. ಅಮ್ಮನ ಹತ್ರ ಡಯಾಕ್ಸಿನ್ ಗಿಯಾಕ್ಸಿನ್ ಹೇಳ್ಲಿಕ್ಕೆ ಹೋಗ್ಲಿಲ್ಲ. ಬಚ್ಚಲಲ್ಲಿ ಟಾರ್ಚ್ ಹಾಕಿ ಮಾಡಿನ ಮಸಿ ತೋರಿಸಿದೆ, ಒಂದು ಕೋಲಲ್ಲಿ ಎಳೆದೆ, ಬಲೆಯ ಹಾಗೆ ಅಂಟಿಕೊಂಡು ಬಂತು. ಮಗು ಇದರ ಅಡಿಯಲ್ಲಿ ಮೀಯ್ಬೇಕಾ ಅಂತ ಕೇಳಿದೆ ಅಷ್ಟೆ. ಅಮ್ಮ ಎಂತ ಮಾತಾಡ್ಲಿಲ್ಲ. ಸಂಜೆ ನೋಡಿದ್ರೆ ತಗಡಿನ ಡಬ್ಬಿ ಜಗಲಿಯಲ್ಲಿ ಉಂಟು, ತೊಟ್ಟೆ ಎಲ್ಲ ತೊಳೆದು ಬಟ್ಟೆ ಒಣಗಿಸುವ ಹಗ್ಗಕ್ಕೆ ಸಿಕ್ಕಿಸಿದ್ದಾರೆ. ಹಸಿರು ಕೋಟಿನ ಅಕ್ಕ, ನಮ್ಮ ವಾರ್ಡಿಗೆ ನೀವೇ ಬರುದಾದ್ರೆ ಈ ತಿಂಗಳು ದೊಡ್ಡ ಚೀಲ ತನ್ನಿ.

ಟ್ಯೂಬ್ ಹೇಳಿ ಆಯ್ತು, ಬರುವವರೆಗೆ ಅಪ್ಪ ಕೈಯಲ್ಲೇ ಕರೀತಾರೆ, ದನ ಎರಡು ದಿವಸ ಒದ್ದಿತು, ಈಗ ಸರಿ ಆಗಿದೆ. ನೀರಿನ ಕ್ಯಾನು ಹೋಯ್ತು. ಉಪ್ಪುಸೊಳೆ ಮಾತ್ರ ಬಿಸಾಡ್ಲಿಕ್ಕೆ ಅಮ್ಮ ಸುತರಾಂ ಒಪ್ಪುದಿಲ್ಲ, "ಅವಳಿಗೆ ಕೊಡುದಿಲ್ಲ, ನಾವು ತಿಂತೇವೆ, ನಮ್ಮ ಹಾರ್ಮೋನು ಮುಗಿದು ಎಷ್ಟು ಕಾಲ ಆಯ್ತು" ಅಂತಾರೆ. ಬರುವ ವರ್ಷಕ್ಕೆ ಭರಣಿ ತಂದುಕೊಡ್ತೇನೆ ಅಂತ ಹೇಳಿದ್ದೇನೆ.

ಈಗ ಒಂದೇ ಕಷ್ಟ, ಕಟ್ಟಿಗೆ ಹಸಿ, ತೊಟ್ಟೆ ಇಲ್ಲದೆ ಬೆಂಕಿ ಹಿಡೀಲಿಕ್ಕೆ ಅರ್ಧ ಗಂಟೆ ಊದ್ಬೇಕು.

ಅಡಕೆ_ಸುಲಿಯುವವ:

ಅಡಕೆ ಸಿಪ್ಪೆ ಚೆನ್ನಾಗಿ ಒಣಗಿದ್ದು, ಮೇಲೆ ಎರಡು ಗೆರಟೆ ಮಗುಚಿ ಇಡಿ, ಒಂದು ಕಡ್ಡಿಯಲ್ಲಿ ಹತ್ತಿಕೊಳ್ತದೆ. ನಮ್ಮಲ್ಲಿ ಎರಡು ಗೋಣಿ ತುಂಬಿಸಿಟ್ಟಿದ್ದೇನೆ, ಪೆರ್ಲ ಪೇಟೆಗೆ ಶನಿವಾರ ಬರ್ಲಿಕ್ಕುಂಟು, ಜೀಪಲ್ಲಿ ಹಾಕಿ ತರ್ತೇನೆ.

ಪೆರ್ಲದಕ್ಕ:

ತನ್ನಿ ಅಣ್ಣ, ದೊಡ್ಡ ಉಪಕಾರ. ಗೋಣಿ ಸೆಣಬಿನದ್ದಾ, ಪ್ಲಾಸ್ಟಿಕಿನದ್ದಾ? 😄

ಅಡಕೆ_ಸುಲಿಯುವವ:

ಪ್ಲಾಸ್ಟಿಕಿನದ್ದೇ. ಖಾಲಿ ಮಾಡಿ ವಾಪಸ್ ಕೊಡಿ, ಒಲೆಗೆ ಹಾಕ್ಬೇಡಿ.